ಮೋಡ ಕುಡಿದ ಉಪ್ಪು

ನನ್ನ ಗಂಡ ಮೋನಪ್ಪ ನಮ್ಮೂರಿಗೆ ಮೊದಲ ಸಲ ಬಂದದ್ದು ಬೇರೆ ಯಾರದೋ ಮದುವೆಯಲ್ಲಿ ಡೋಲು ಬಾರಿಸಲು. ಗಂಡಿನ ಕಡೆಯವರು ದೂರದವರು, ಓಲಗವಿಲ್ಲದ ಮದುವೆ ಮದುವೆಯೇ ಅಲ್ಲ ಎನ್ನುವ ಜನ. ನಾಗಸ್ವರಕ್ಕೆ ದೂಮಣ್ಣ ಎಂಬ ಹಿರಿಯರು, ಡೋಲಿಗೆ ಮೋನಪ್ಪ. ನಮ್ಮೂರಲ್ಲಿ ಮದುವೆ ಏನಿದ್ದರೂ ಬೆಳಗ್ಗೆಯೇ ಮುಗಿಯಬೇಕು ಎಂದು ನಾವು ಹೇಳಿ ಕಳಿಸಿದ್ದೆವು. ಅವರ ಬಸ್ಸು ತಡವಾಯಿತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಮೋಡ ಬಂತು. ನಾವು ಎಂದಿನಂತೆ ಬಾಗಿಲಿನಿಂದ ಸರಿದು ದಾರಿ ಬಿಟ್ಟೆವು. ಅದು ಒಳಗೆ ಬಂದು ಮಂಟಪವನ್ನೂ ಪುರೋಹಿತರನ್ನೂ ಮುಚ್ಚಿ ನಿಧಾನಕ್ಕೆ ಹಿತ್ತಿಲ ಕಡೆ ಹೊರಟಿತು. ಯಾರೋ ಗಟ್ಟಿಮೇಳ ಎಂದು ಕೂಗಿದರು. ನಾಗಸ್ವರ ಏರಿತು. ಡೋಲು ಮಾತ್ರ ನೆನೆದ ಗೋಣಿಚೀಲಕ್ಕೆ ದೊಣ್ಣೆಯಲ್ಲಿ ಹೊಡೆದ ಹಾಗೆ ದೊಪ್ ಎಂದಿತು. ಬಿಳಿ ಮಬ್ಬಿನೊಳಗೆ ಊರಿಗೆ ಊರೇ ನಕ್ಕಿತು.

ಡೋಲಿನವನೂ ನಕ್ಕ. ಆಮೇಲೆ ಡೋಲನ್ನು ಕೆಳಗಿಟ್ಟು, ಅಡುಗೆಯವರ ದೊಡ್ಡ ಕೊಳಗವನ್ನು ಬೋರಲು ಹಾಕಿಕೊಂಡು ಅದರ ಬೆನ್ನ ಮೇಲೆ ಬಾರಿಸತೊಡಗಿದ. ಮೋಡ ಸರಿದಾಗ ನಾನು ಅವನ ಎದುರಿಗೇ ನಿಂತಿದ್ದೆ. ಯಾವಾಗ ಬಂದು ನಿಂತೆನೋ ನನಗೇ ಗೊತ್ತಿರಲಿಲ್ಲ. ಮರುವರ್ಷ ನಮ್ಮ ಮದುವೆಯಾಯಿತು. ನನಗೆ ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ, ಅವನಿಗೆ ಎಲ್ಲಿದ್ದರೂ ನಡೆಯುತ್ತದೆ ಎಂಬ ಧೈರ್ಯ. ಹಾಗಾಗಿ ಅವನೇ ಇಲ್ಲಿಗೆ ಬಂದ. ನಾನು ಅವನನ್ನು ಏಕವಚನದಲ್ಲಿ ಕರೆಯುವುದು ನಮ್ಮವ್ವನಿಗೆ ಇವತ್ತಿಗೂ ಹಿಡಿಸುವುದಿಲ್ಲ.

ನಮ್ಮೂರಿನ ಮೋಡದ ವಿಷಯ ಹೇಳುವುದು ಕಷ್ಟವೇನಲ್ಲ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಅದು ಗುಡ್ಡದಿಂದ ಇಳಿದು ಮೇಲಿನ ಬೀದಿಗೆ ಬರುತ್ತದೆ. ಮುಂಬಾಗಿಲಿನಿಂದ ಒಳಗೆ ಬಂದು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಹೀಗೆ ಮನೆಯಿಂದ ಮನೆಗೆ ಹಾದು, ಬೀದಿಯ ಕೊನೆಗಿರುವ ನಮ್ಮ ಮನೆಯ ಹಿತ್ತಿಲಿನಿಂದ ಕೆಳಗಿನ ಬೀದಿಯ ಮನೆಗಳಿಗೆ, ಆಮೇಲೆ ಕೆರೆಗೆ. ಅದು ಬರುವಾಗ ಯಾರೂ ಬಾಗಿಲು ಹಾಕುವಂತಿಲ್ಲ. ಯಾಕೆ ಎಂದು ಚಿಕ್ಕಂದಿನಲ್ಲಿ ಅವ್ವನನ್ನು ಕೇಳಿದ್ದೆ. "ನಿನ್ನ ಮುಖದ ಮೇಲೆ ಯಾರಾದ್ರೂ ಬಾಗಿಲು ಹಾಕಿದ್ರೆ ನಿಂಗೆ ಹೇಗಿರುತ್ತೆ?" ಎಂದಿದ್ದಳು. ಅಷ್ಟೇ. ಬೆಂಕಿಪೊಟ್ಟಣವನ್ನು ನಾವು ಅಕ್ಕಿ ಡಬ್ಬಿಯ ತಳದಲ್ಲಿ ಹೂತಿಡುತ್ತೇವೆ. ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡಿ ಒಣಗಿಸುತ್ತೇವೆ. ಹಪ್ಪಳವನ್ನು ಚಿತ್ರದಲ್ಲಿ ಮಾತ್ರ ನೋಡಿದವರು ನಮ್ಮಲ್ಲಿ ಬಹಳ. ದಿನಸಿ ಅಂಗಡಿಯ ಪಾಲಾಕ್ಷಪ್ಪನವರು ಉಪ್ಪನ್ನು ಸೌಟಿನಲ್ಲಿ ಅಳೆದು ಕೊಡುತ್ತಾರೆ. ನನ್ನ ಸೋದರಮಾವ ಮೋಡದೊಳಗೆ ಪಕ್ಕದ ಮನೆಯ ಅಕ್ಕತಂಗಿಯರಲ್ಲಿ ಅಕ್ಕನೆಂದುಕೊಂಡು ತಂಗಿಯನ್ನು ಮದುವೆಗೆ ಕೇಳಿದ, ಅವಳು ಆಗಲಿ ಎಂದಳು, ಈಗ ಮೊಮ್ಮಕ್ಕಳಿದ್ದಾರೆ.

ಮೋನಪ್ಪ ಬಸ್‌ಸ್ಟ್ಯಾಂಡಿನ ಎದುರು ಇಡ್ಲಿ, ಚಹಾದ ಹೋಟೆಲು ಹಾಕಿದ. ಚೆನ್ನಾಗಿಯೇ ನಡೆಯಿತು. ಡೋಲು ಹಳೆಯ ಪಂಚೆಯೊಂದನ್ನು ಹೊದ್ದು ನಮ್ಮ ಮನೆಯ ಗೋಡೆಯಲ್ಲಿ ತೂಗುತ್ತಿತ್ತು. ಮೊದಮೊದಲು ಅವನು ಅದನ್ನು ಒಲೆಗೆ ಹಿಡಿದು ಕಾಯಿಸಿ ನೋಡಿದ. ನಾಲ್ಕು ಪೆಟ್ಟು ಕೇಳುತ್ತಿತ್ತು, ಐದನೆಯದಕ್ಕೆ ಚರ್ಮ ಮತ್ತೆ ಸಡಿಲ. ಹೆಚ್ಚು ಕಾಯಿಸಿದಾಗ ಒಂದು ಮುಖ ಸೀಳಿಯೇ ಹೋಯಿತು. ತನ್ನೂರಿಂದ ಬೇರೆ ಚರ್ಮ ತರಿಸಿ ಮುಚ್ಚಿಸಿ ಮತ್ತೆ ಗೋಡೆಗೆ ಹಾಕಿದ. ಆಮೇಲೆ ಅವನ ಬೆರಳುಗಳು ಸಿಕ್ಕಲ್ಲೆಲ್ಲ ಬಾರಿಸತೊಡಗಿದವು. ಇಡ್ಲಿ ಪಾತ್ರೆಯ ಮುಚ್ಚಳ, ಬಸ್ಸಿನ ಬಾಗಿಲು, ನಿದ್ದೆಯಲ್ಲಿ ನನ್ನ ಬೆನ್ನು. ನನಗೆ ತಾಳದ ಗಂಧವಿಲ್ಲ, ಆದರೂ ಬೆನ್ನಿನ ಮೇಲೆ ಬಿದ್ದೂ ಬಿದ್ದೂ ಆದಿತಾಳ ಕಲಿತೆ.

ಹೀಗಿರುವಾಗ ಒಂದು ದಿನ ದೂಮಣ್ಣ ಬಂದರು. ಹೋಟೆಲಿನ ಬೆಂಚಿನ ಮೇಲೆ ಕೂತು, ಚಹಾ ಕುಡಿದು, ಯಾವ ಸುತ್ತುಬಳಸೂ ಇಲ್ಲದೆ ಹೇಳಿದರು. "ನನ್ನ ಜೊತೆ ಬಾರಿಸುತ್ತಿದ್ದ ಹುಡುಗ ಬಿಟ್ಟುಹೋದ ಮಾರಾಯ. ಬೇರೆಯವರನ್ನು ಹಿಡಿದು ನೋಡಿದೆ, ನನ್ನ ಉಸಿರು ಎಲ್ಲಿ ನಿಲ್ಲುತ್ತದೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ನಿನಗೆ ಗೊತ್ತುಂಟು. ವಾಪಸ್ ಬಾ."

ಮೋನಪ್ಪ ಲೋಟ ತೊಳೆಯುತ್ತಿದ್ದವನು ತಲೆಯೆತ್ತದೆ, "ನೋಡುವ" ಎಂದ.

ಅವನು ಹಾಗೆ ಹೇಳುವ ಮನುಷ್ಯನೇ ಅಲ್ಲ. ಬೇಕಾದರೆ ಹೂಂ, ಬೇಡವಾದರೆ ಊಹೂಂ. ಮುಂದಿನ ತಿಂಗಳು ಬರುತ್ತೇನೆ, ಆಗ ಹೇಳು ಎಂದು ದೂಮಣ್ಣ ಹೋದರು. ಮನೆಗೆ ಬಂದ ಮೇಲೆ ನಾನೇ ಕೇಳಿದೆ. "ಹೋಗ್ಬೇಕು ಅನ್ನಿಸ್ತಾ ಇದ್ಯಾ?"

"ನಿನ್ನ ಬಿಟ್ಟು ಹೋಗಬೇಕು ಅಂತ ಇಲ್ಲ," ಎಂದ. "ಆದರೆ ಕುಮುದಾ, ಕೈ ಮರೆಯುತ್ತಾ ಉಂಟು. ನಿನ್ನೆ ತಾಳ ಮುಗಿಸುವ ಒಂದು ಮುಕ್ತಾಯ ನೆನಪಿಗೇ ಬರಲಿಲ್ಲ." ಅಳು ಇಲ್ಲ, ಸಿಟ್ಟು ಇಲ್ಲ. ಅಂಗಡಿಯಲ್ಲಿ ಸಕ್ಕರೆ ಮುಗಿದಿದೆ ಎನ್ನುವ ದನಿ. ಅದಕ್ಕೇ ನನಗೆ ಹೆದರಿಕೆಯಾಯಿತು.

ಮರುದಿನ ಪ್ರಯೋಗಾಲಯದ ಕಪಾಟು ಒರೆಸುತ್ತಿದ್ದೆ. ಮೂಲೆಯಲ್ಲಿ ಒಂದು ದಪ್ಪ ಸೀಸೆ, ತುಂಬ ತಿಳಿಯಾದ ನೀರು. ನನಗಿಂತ ಮುಂಚೆ ಇದ್ದ ಯಾರೋ ಮೇಷ್ಟ್ರು ಅದಕ್ಕೆ 'ನೀರು' ಎಂದು ಚೀಟಿ ಅಂಟಿಸಿದ್ದರು. ಅದನ್ನು ಹಾಕಿದ್ದಕ್ಕೆ ಕಚೇರಿಯ ತುಳಸಿ ಒಣಗಿತ್ತು ಎಂದು ಜವಾನ ಹೇಳಿದ. ಚೀಟಿಯ ಅಡಿಯಲ್ಲಿ ಇನ್ನೊಂದು ಹಳೆಯ ಚೀಟಿ ಇತ್ತು, ಕೆರೆದು ನೋಡಿದರೆ ಕ್ಯಾಲ್ಸಿಯಂ ಕ್ಲೋರೈಡ್. ನಿಂತಲ್ಲೇ ನಗು ಬಂತು. ಸೀಸೆಗೆ ಯಾರೂ ನೀರು ತುಂಬಿರಲಿಲ್ಲ. ಒಳಗಿದ್ದ ಬಿಳಿ ಹರಳುಗಳೇ ಸಡಿಲ ಬಿರಟೆಯ ಸಂದಿಯಿಂದ ಮೋಡವನ್ನು ದಿನವೂ ಅಷ್ಟಿಷ್ಟು ಕುಡಿದು, ಕುಡಿದ ನೀರಿನಲ್ಲಿ ತಾವೇ ಕರಗಿ ಹೋಗಿದ್ದವು. ಅದರ ಸ್ವಭಾವವೇ ಅದು. ಗಾಳಿಯಲ್ಲಿ ತೇವವಿದ್ದರೆ ಸುಮ್ಮನಿರುವುದಿಲ್ಲ, ಎಳೆದುಕೊಳ್ಳುತ್ತದೆ. ಪಾಠದಲ್ಲಿ ಇದನ್ನು ವರ್ಷವರ್ಷವೂ ಹೇಳುತ್ತಿದ್ದೆ. ಗೋಡೆಯಲ್ಲಿ ತೂಗುವ ಡೋಲಿಗೂ ಇದಕ್ಕೂ ಸಂಬಂಧವಿದೆ ಎಂದು ಮಾತ್ರ ಒಂದು ದಿನವೂ ಹೊಳೆದಿರಲಿಲ್ಲ.

ಒಂದು ಸೀಸೆ ಯಾತಕ್ಕೂ ಸಾಲದು. ಮಾಡಬೇಕು. ಮಾಡುವುದೇನು ಬ್ರಹ್ಮವಿದ್ಯೆಯಲ್ಲ. ಗುಡ್ಡದ ಬುಡದಲ್ಲಿ ಸುಣ್ಣದ ಕಲ್ಲು ಬೇಕಾದಷ್ಟಿದೆ, ನೆಲ ತೊಳೆಯುವ ಆ್ಯಸಿಡ್ ಪಾಲಾಕ್ಷಪ್ಪನವರ ಅಂಗಡಿಯಲ್ಲಿ ಸಿಗುತ್ತದೆ. ಹಿತ್ತಿಲಲ್ಲಿ, ಬಯಲಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲ್ಲಿನ ಚೂರು ಹಾಕಿ ಆ್ಯಸಿಡ್ಡನ್ನು ಸ್ವಲ್ಪ ಸ್ವಲ್ಪವೇ ಸುರಿದೆ. ಸೋಡಾ ಒಡೆದ ಹಾಗೆ ನೊರೆಯೆದ್ದು ಬುಸುಗುಟ್ಟಿತು. ಮೋನಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು ದೂರ ನಿಂತು ನೋಡುತ್ತಿದ್ದ. ನೊರೆ ಏಳುವುದು ನಿಂತ ಮೇಲೂ ಕಲ್ಲು ಉಳಿದಿರಬೇಕು, ಆಗ ಆ್ಯಸಿಡ್ ಪೂರ್ತಿ ಮುಗಿಯಿತು ಎಂದರ್ಥ. ಆಮೇಲೆ ಸೋಸಿ, ಮಣ್ಣಿನ ಬಾನಿಯಲ್ಲಿ ಕುದಿಸಿದೆವು. ಬೆಲ್ಲದ ಪಾಕದಷ್ಟು ದಪ್ಪಗಾದದ್ದನ್ನು ಕಾವಲಿಯ ಮೇಲೆ ಹುರಿದರೆ ಬಿಳಿ ಹೆಂಟೆಗಳು. ಅವನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ಮತ್ತೆ ನೀರು.

"ಇದನ್ನ ತಿಂತಾರಾ?" ಎಂದು ಅವ್ವ ಕೇಳಿದಳು.

"ಶುದ್ಧವಾಗಿ ಮಾಡಿದ್ದನ್ನ ಕಾರ್ಖಾನೆಗಳಲ್ಲಿ ಉಪ್ಪಿನಕಾಯಿಗೆ ಹಾಕ್ತಾರವ್ವ, ಹೋಳು ಮೆತ್ತಗಾಗಬಾರದು ಅಂತ. ಪನೀರು ಮಾಡೋವಾಗ ಹಾಲಿಗೂ ಹಾಕ್ತಾರೆ. ನಾವು ಮಾಡಿದ್ದು ತಿನ್ನೋದಲ್ಲ. ನಾಲಿಗೆಗೆ ತಾಗಿಸಬೇಡ."

"ನಮ್ಮ ಕಡೆ ರಸ್ತೆಗೆ ಹಾಕುತ್ತಾರೆ ಅತ್ತೆ," ಎಂದ ಮೋನಪ್ಪ, "ಧೂಳು ಏಳದ ಹಾಗೆ." ಧೂಳು ಎಂದರೆ ಹೇಗಿರುತ್ತದೆ ಎಂದು ಅವ್ವ ಕೇಳಿದಳು. ಅವನು ಬಹಳ ಪ್ರಯತ್ನಪಟ್ಟ. ಕೊನೆಗೆ ಅವ್ವ, "ಹಾರಾಡೋ ಮಣ್ಣಾ? ಇರಲಿ ಬಿಡಿ ಅಳಿಯಂದ್ರೆ" ಎಂದು ಒಳಗೆ ಹೋದಳು. ಅಳಿಯ ತನ್ನನ್ನು ತಮಾಷೆ ಮಾಡುತ್ತಿದ್ದಾನೆ ಎಂದೇ ಅವಳು ತಿಳಿದದ್ದು.

ನಮ್ಮ ಮನೆಯ ಕೊನೆಯ ಕೋಣೆ ಉಗ್ರಾಣ. ಸಂದಿಗೆಲ್ಲ ಬಟ್ಟೆ ತುರುಕಿ, ಬಿಳಿ ಹೆಂಟೆಗಳನ್ನು ಬಿದಿರ ಬುಟ್ಟಿಗಳಲ್ಲಿ ಹಾಕಿ ಸೂರಿಗೆ ತೂಗಿಬಿಟ್ಟು, ಕೆಳಗೆ ಬಾನಿಗಳನ್ನು ಇಟ್ಟೆ. ಡೋಲನ್ನು ನಡುವೆ ಸ್ಟೂಲಿನ ಮೇಲೆ ಕೂರಿಸಿ ಬಾಗಿಲು ಎಳೆದೆ.

ಅವ್ವ ನನ್ನ ಹಿಂದೆಯೇ ನಿಂತಿದ್ದಳು. "ತೆಗಿ."

"ಒಂದೇ ಕೋಣೆ ಅವ್ವ. ಮುಂಬಾಗಿಲು ತೆಗೆದೇ ಇದೆ."

"ಹಿತ್ತಿಲ ಬಾಗಿಲು ಇರೋದು ಅದೇ ಕೋಣೇಲಿ ಕಣೆ. ಒಳಗೆ ಬಾ ಅಂತ ಕರೆದು ಹೋಗೋಕೆ ದಾರಿ ಕೊಡದೆ ಇರೋದು ಯಾವ ಮರ್ಯಾದೆ?"

ಅವ್ವ ಹೇಳಿದ್ದು ಸರಿಯೇ. ಆದರೂ ಬಾಗಿಲು ತೆಗೆಯಲಿಲ್ಲ. ಅವ್ವ ಆ ದಿನ ನನ್ನೊಡನೆ ಮಾತು ಬಿಟ್ಟಳು. ರಾತ್ರಿ ಮಂಡಿನೋವು ಎಂದು ನರಳುತ್ತಿದ್ದವಳಿಗೆ, ರಬ್ಬರಿನ ಚೀಲದಲ್ಲಿ ನಾಲ್ಕು ಹೆಂಟೆ ಹಾಕಿ ತಣ್ಣೀರು ಸುರಿದು ಬಿಗಿಯಾಗಿ ಮುಚ್ಚಿ, ಬಟ್ಟೆ ಸುತ್ತಿ ಕೊಟ್ಟೆ. ಒಲೆಯಿಲ್ಲದೆ ನೀರು ಕಾದದ್ದು ಕಂಡು ಅವಳು ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದಳು. ನೀರು ಸಿಕ್ಕರೆ ಆ ಉಪ್ಪಿಗೆ ಅಷ್ಟು ಖುಷಿ, ಮೈ ಬಿಸಿಯಾಗಿಬಿಡುತ್ತದೆ ಎಂದೆ. ಅವಳು ಚೀಲವನ್ನು ಮಂಡಿಗೆ ಒತ್ತಿಕೊಂಡು ಮಲಗಿದಳು.

ಕೆಲವು ದಿನ ಬಿಟ್ಟು ಬೆಳಗ್ಗೆ ಹೋಟೆಲಿಗೆ ಹೋಗುವ ಮುಂಚೆ ಮೋನಪ್ಪ ಉಗ್ರಾಣಕ್ಕೆ ಹೋದ. ಬಾಗಿಲು ಹಾಕಿಕೊಂಡ. ನಾನು ಹೊರಗೆ ಸೊಪ್ಪು ಬಿಡಿಸುತ್ತಿದ್ದೆ. ಮೊದಲ ಪೆಟ್ಟಿಗೆ ಗೋಡೆಯ ಮೇಲಿನ ತಟ್ಟೆಗಳು ಝಣ ಎಂದವು. ಆಮೇಲೆ ನಿಲ್ಲಲಿಲ್ಲ. ಅಷ್ಟು ವರ್ಷ ನನ್ನ ಬೆನ್ನಿನ ಮೇಲೆ ಮೆಲ್ಲಗೆ ಬಿದ್ದದ್ದೆಲ್ಲ ನಿಜಕ್ಕೂ ಹೀಗಿತ್ತೇ ಎಂದು ಕೇಳುತ್ತಾ ಕೂತೆ. ಬೀದಿಯಲ್ಲಿ ಜನ ನಿಂತರು. ಡೋಲಿನ ನಿಜವಾದ ದನಿಯನ್ನು ನಮ್ಮೂರು ಹಿಂದೆ ಕೇಳಿಯೇ ಇರಲಿಲ್ಲ. ಗುಡುಗಲ್ಲ, ಗುಡುಗಿಗೆ ಲೆಕ್ಕ ಇರುವುದಿಲ್ಲ ಎಂದು ಯಾರೋ ಹೇಳುತ್ತಿದ್ದರು. ಮೋನಪ್ಪ ಹೊರಬಂದಾಗ ಅಂಗಿ ಬೆವರಿ ಒದ್ದೆ, ಮುಖ ಮಾತ್ರ ಹೊಸ ಮದುಮಗನದು.

"ಮುಕ್ತಾಯ ನೆನಪಾಯ್ತಾ?" ಎಂದು ಕೇಳಿದೆ.

"ನನಗೆ ಆಗಲಿಲ್ಲ. ಕೈಗೆ ಆಯ್ತು."

ಆಮೇಲೆ ನಮ್ಮ ಉಗ್ರಾಣಕ್ಕೆ ಊರಿನ ನೆಂಟಸ್ತನ ಶುರುವಾಯಿತು. ಒಬ್ಬರು ಬೆಂಕಿಪೊಟ್ಟಣ ತಂದರು, ಒಬ್ಬರು ಧಾರೆ ಸೀರೆ. ಇನ್ನೊಬ್ಬರು ಜೀವಮಾನದಲ್ಲಿ ಮೊದಲ ಸಲ ಹಪ್ಪಳ ಒತ್ತಿ ತಂದರು. ಅದು ಒಣಗಿ, ಕರಿದು, ಬಾಯಲ್ಲಿ ಕರಕರ ಎಂದಾಗ ಕೇರಿಯ ಹೆಂಗಸರು ಮತ್ತೊಮ್ಮೆ ಅಗಿ ಎಂದು ಒಬ್ಬರ ಬಾಯಿಗೆ ಒಬ್ಬರು ಕಿವಿಗೊಟ್ಟು ಕೂತರು. ಪಾಲಾಕ್ಷಪ್ಪನವರು ಒಂದು ಬೋಗುಣಿ ಉಪ್ಪು ಇಟ್ಟುಹೋದರು. ಅದು ಪುಡಿಯಾದಾಗ ಚಿಟಿಕೆಯಲ್ಲಿ ಹಿಡಿದು ಉದುರಿಸಿ, ಮತ್ತೆ ಹಿಡಿದು ಉದುರಿಸಿ, ಅಂಗಡಿಗೆ ಹೋಗುವುದನ್ನೇ ಮರೆತರು.

ಈ ಸಡಗರದಲ್ಲಿ ಮೋಡದ ಕಡೆ ನಮ್ಮ ಗಮನ ಇರಲಿಲ್ಲ. ಅದು ಎಂದಿನಂತೆ ಮುಂಬಾಗಿಲಿನಿಂದ ಬರುತ್ತಿತ್ತು, ಉಗ್ರಾಣದ ಬಾಗಿಲಿಗೆ ತಾಗಿ ನಿಲ್ಲುತ್ತಿತ್ತು. ಮೊದಮೊದಲು ಬಂದ ದಾರಿಯಲ್ಲೇ ಹಿಂದೆ ಹೋಗುತ್ತಿತ್ತು. ಒಂದು ದಿನ ಹೋಗಲೇ ಇಲ್ಲ. ನಡುಮನೆಯಲ್ಲಿ ಕೂತುಬಿಟ್ಟಿತು. ನಾವು ತಡವರಿಸಿಕೊಂಡು ಊಟ ಮಾಡಿದೆವು, ಹಾಸಿಗೆ ಹುಡುಕಿಕೊಂಡು ಮಲಗಿದೆವು. ಬೆಳಗಾದರೂ ಅಲ್ಲೇ ಇತ್ತು. ಅವ್ವ ಅದರೊಳಗೇ ಎಲ್ಲೋ ಕೂತು, "ನಾನು ಹೇಳಿದ್ದೆ" ಎನ್ನುವುದು ಕೇಳುತ್ತಿತ್ತು.

ನಮ್ಮ ಮನೆಯಲ್ಲಿ ಮೋಡ ಕೂತಿದ್ದರಿಂದ ಕೆಳಗಿನ ಬೀದಿಗೆ ಅದು ಹೋಗಲಿಲ್ಲ. ಅಲ್ಲಿನ ಗೋಡೆಗಳ ಪಾಚಿ ಕಂದಿತು. ಪಾಲಾಕ್ಷಪ್ಪನವರ ಹಿತ್ತಿಲ ವೀಳ್ಯದೆಲೆ ಬಳ್ಳಿ ತಲೆ ಬಾಗಿಸಿತು. ಬಾವಿ, ತೊಟ್ಟಿ ತುಂಬುತ್ತಿದ್ದುದೂ ಮೋಡದ ಹನಿಯಿಂದಲೇ. ಆಮೇಲೆ ಒಂದು ಮಧ್ಯಾಹ್ನ ಬಸ್ಸು ಹೋದ ಹಿಂದೆ ರಸ್ತೆಯಿಂದ ಏನೋ ಎದ್ದು ನಿಂತಿತು. ಮಕ್ಕಳು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಸೀನತೊಡಗಿದರು. ಅವ್ವ ಜಗಲಿಗೆ ಬಂದು ಸೆರಗನ್ನು ಮೂಗಿಗೆ ಹಿಡಿದು ನೋಡಿದಳು. "ಅಳಿಯಂದ್ರು ಹೇಳಿದ್ದು ನಿಜ. ಹಾರಾಡೋ ಮಣ್ಣೇ."

ಅದೇ ಹೊತ್ತಿಗೆ ಪಾಲಾಕ್ಷಪ್ಪನವರು ಕೆಳಗಿನ ಬೀದಿಯವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮೋಡದಲ್ಲಿ ಅವರ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. "ಮೇಡಂ, ನಿಮ್ಮ ಮೇಲೆ ಕೋಪ ಇಲ್ಲ. ಪುಡಿ ಉಪ್ಪು ನಂಗೂ ಇಷ್ಟ ಆಯ್ತು. ಆದ್ರೆ ತೊಟ್ಟೀಲಿ ನೀರಿಲ್ಲ. ಬಾಗಿಲು ತೆಗೀರಿ."

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ತೆಗೆದರೆ ಡೋಲು ಮತ್ತೆ ಗೋಣಿಚೀಲ, ದೂಮಣ್ಣ ಬರುವ ದಿನ ಹತ್ತಿರವಾಗಿತ್ತು. ಊರಿನ ನೀರಿಗಿಂತ ನನ್ನ ಗಂಡ ಹೆಚ್ಚು ಎಂದು ಬಾಯಿಬಿಟ್ಟು ಹೇಳಲಾಗದು. ಮಬ್ಬಿನಲ್ಲಿ ಒಂದು ಕೈ ನನ್ನ ಭುಜ ಹುಡುಕಿಕೊಂಡು ಬಂತು. ಬೆರಳು ತಾಗಿದ್ದೇ ಗೊತ್ತಾಯಿತು, ಮೋನಪ್ಪ.

"ಸರಿ ಕುಮುದಾ, ತೆಗೆಯುವ. ಇಷ್ಟು ದಿನ ಬಾರಿಸಿದೆನಲ್ಲ."

ಚಿಲಕ ತೆಗೆದವನು ಅವನೇ. ಮೋಡ ಒಮ್ಮೆಲೇ ಒಳಗೆ ನುಗ್ಗಿತು. ಅದು ಹಿತ್ತಿಲ ಬಾಗಿಲವರೆಗೆ ಹೋಗುತ್ತದೆ ಎಂದುಕೊಂಡಿದ್ದೆವು, ಹೋಗಲಿಲ್ಲ. ತೂಗಿಬಿಟ್ಟ ಬುಟ್ಟಿಗಳಿಗೆ ಆ ದಿನ ಬೆಳಗ್ಗೆಯಷ್ಟೇ ಹಿತ್ತಿಲ ಕಡೆಯಿಂದ ಹೋಗಿ ಹೊಸ ಹೆಂಟೆ ತುಂಬಿದ್ದೆ. ಅವು ಕುಡಿಯತೊಡಗಿದವು. ತೊಟತೊಟ ಎಂದು ಹನಿ, ಹನಿ ಧಾರೆಯಾಯಿತು, ಬಾನಿಗಳು ತುಂಬಿದವು. ಉಗ್ರಾಣ ಒಲೆಯ ಮುಂದೆ ಕೂತಷ್ಟು ಬೆಚ್ಚಗಾಯಿತು. ಮೋಡ ನೋಡನೋಡುತ್ತಾ ತೆಳುವಾಗಿ, ಮೊದಲು ಪಾಲಾಕ್ಷಪ್ಪನವರ ಮುಖ ಕಂಡಿತು, ಆಮೇಲೆ ಎಲ್ಲರದು. ಕೊನೆಗೆ ಅವ್ವನ ಕಾಲ ಬಳಿ ಒಂದು ಎಳೆ ಹತ್ತಿಯಷ್ಟು ಉಳಿಯಿತು.

"ಏನು ಮಾಡಿಬಿಟ್ಟೆ ಕಣೆ," ಎಂದಳು ಅವ್ವ ಮೆಲ್ಲಗೆ.

ಬಾನಿಗಳನ್ನು ಬಗ್ಗಿ ನೋಡಿದಾಗ ನನಗೆ ಬುದ್ಧಿ ಬಂತು. "ಎಲ್ಲೂ ಹೋಗಿಲ್ಲ ಅವ್ವ, ಇಲ್ಲೇ ಇದೆ. ಈ ಉಪ್ಪು ನೀರನ್ನ ಕುಡಿಯುತ್ತೆ, ಕುದಿಸಿದ್ರೆ ವಾಪಸ್ ಕೊಡುತ್ತೆ. ಹೋಟೆಲಿನ ಒಲೆಗಳನ್ನ ಹಚ್ಚಬೇಕು."

ಆಮೇಲೆ ಯಾರು ಏನು ಹೊತ್ತರು ಎಂದು ಹೇಳುವುದು ಕಷ್ಟ. ಬಾನಿಗಳನ್ನು ಗಳಕ್ಕೆ ಕಟ್ಟಿ ಇಬ್ಬಿಬ್ಬರು ಎತ್ತಿದರು. ಕೆಳಗಿನ ಬೀದಿಯವರು ಸೌದೆ ತಂದರು. ಉಗ್ರಾಣದಲ್ಲಿ ಒಣಗಿದ ಬೆಂಕಿಕಡ್ಡಿ ಮೊದಲ ಗೀರಿಗೇ ಹತ್ತಿತು, ಅದಕ್ಕೊಂದು ಮೆಚ್ಚುಗೆಯ ಹೂಂಕಾರ. ಹೋಟೆಲಿನ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ, ಸಾಲಾಗಿ ಒಲೆ ಹೂಡಿ ಕುದಿಸಿದೆವು. ನೀರು ಬೇಗ ಬಿಟ್ಟುಕೊಡುವ ಉಪ್ಪಲ್ಲ ಅದು, ಉರಿ ಜೋರಾಗಿರಬೇಕು. ಬಾನಿಗಳಿಂದ ಹಬೆ ಎದ್ದಿತು, ಎದ್ದದ್ದು ಚದುರಲಿಲ್ಲ, ತಲೆಯ ಮೇಲೆ ಒಂದಕ್ಕೊಂದು ಅಂಟಿಕೊಂಡು ಗುಂಡಗಾಯಿತು. ಸ್ವಲ್ಪ ಹೊತ್ತು ಅಲ್ಲೇ ತೂಗಾಡಿ, ದಾರಿ ನೆನಪು ಮಾಡಿಕೊಂಡ ಹಾಗೆ ಕೆಳಗಿನ ಬೀದಿಯ ಮೊದಲ ಮನೆಗೆ ಹೋಯಿತು. ಆ ಮನೆಯಾಕೆ ಓಡಿಹೋಗಿ ಹಿತ್ತಿಲ ಬಾಗಿಲನ್ನೂ ತೆಗೆದಳು. ತಳದಲ್ಲಿ ಉಳಿದ ಬಿಳಿ ಹೆಂಟೆಗಳನ್ನು ನಾನು ಡಬ್ಬಿಗೆ ತುಂಬಿದೆ.

ಮನೆಗೆ ಬಂದಾಗ ಅವ್ವ ಸೌದೆಯ ಕೊಳ್ಳಿಯಿಂದ ನಡುಮನೆಯ ಪಕ್ಕದ ಗೋಡೆಗೆ ಕಪ್ಪು ಗೀರು ಎಳೆಯುತ್ತಿದ್ದಳು. "ಅದಕ್ಕೆ ನಿನ್ನ ಉಗ್ರಾಣ ಬೇಕಾಗಿಲ್ಲ, ಹೋಗೋಕೆ ದಾರಿ ಬೇಕು ಅಷ್ಟೆ. ಇಲ್ಲಿ ಬಾಗಿಲು ಒಡೆಸು. ಉಗ್ರಾಣ ಮುಚ್ಚಿಕೋ, ನಂಗೂ ಮಂಡಿಗೆ ಆ ಉಪ್ಪು ಬೇಕು." ವಾರದೊಳಗೆ ಗಾರೆಯವರು ಬಂದು ಗೋಡೆ ಒಡೆದು ಚೌಕಟ್ಟು ಕೂರಿಸಿದರು. ಮೋಡ ಮೊದಲ ದಿನ ಹಳೆಯ ಅಭ್ಯಾಸದಂತೆ ಉಗ್ರಾಣದವರೆಗೆ ಹೋಗಿ, ಅವ್ವ ಸೆರಗು ಬೀಸಿ ಈ ಕಡೆ ಎಂದಾಗ ತಿರುಗಿ ಹೊಸ ಬಾಗಿಲಿನಿಂದ ಹೋಯಿತು.

ದೂಮಣ್ಣ ಹೇಳಿದ ದಿನಕ್ಕೆ ಬಂದರು. ಮೋನಪ್ಪ ಅವರನ್ನು ನೇರವಾಗಿ ಉಗ್ರಾಣಕ್ಕೆ ಕರೆದೊಯ್ದು ಬಾಗಿಲು ಹಾಕಿದ, ಡೋಲು ತೊಡೆಯ ಮೇಲಿಟ್ಟುಕೊಂಡ. ದೂಮಣ್ಣ ಕಣ್ಣರಳಿಸಿ ನಾಗಸ್ವರ ತೆಗೆದರು. ಊದಿದರು. ಬಾಯಿಗಿಡುವ ಪೀಪಿಯಿಂದ ಒಡಕು ಸಿಳ್ಳೆಯೊಂದು ಬಂತು. ಬಾಯಲ್ಲಿ ನೆನೆಸಿ ಮತ್ತೆ ಊದಿದರು, ಮತ್ತೆ ಸಿಳ್ಳೆ. ಆ ಒಣಹವೆಯಲ್ಲಿ ಪೀಪಿಯ ಓಲೆ ಕ್ಷಣದಲ್ಲಿ ಬಿರುಸಾಗುತ್ತಿತ್ತು. ಡೋಲಿಗೆ ಬೇಕಾದದ್ದು ಅದಕ್ಕೆ ಬೇಡ.

"ಇದು ಆಗುವ ಹೋಗುವ ಮಾತಲ್ಲ ಮಾರಾಯ," ಎಂದು ದೂಮಣ್ಣ ಬೇಸರದಿಂದ ಹೊರಗೆ ಬಂದು ನಡುಮನೆಯಲ್ಲಿ ಕೂತರು. ಊಟದ ಹೊತ್ತು ಕಳೆದಿತ್ತು. ಮೋಡ ಬಂದು ಅವರನ್ನು ಮುಚ್ಚಿತು. ಪೀಪಿ ಸರಿಯಿದೆಯೋ ಇಲ್ಲವೋ ನೋಡಲೆಂದು ಅವರು ಅಲ್ಲಿಂದಲೇ ಒಮ್ಮೆ ಊದಿದರು. ಅಂಥ ದನಿ ನಾನು ಮದುವೆಯಲ್ಲೂ ಕೇಳಿರಲಿಲ್ಲ. ತುಪ್ಪದ ಹಾಗೆ, ಎಲ್ಲೂ ಗಂಟಿಲ್ಲದೆ ಹರಿಯಿತು. ದೂಮಣ್ಣನೇ ಬೆರಗಾಗಿರಬೇಕು, ಒಂದು ಕ್ಷಣ ನಿಲ್ಲಿಸಿದರು. ಆ ನಿಂತ ಉಸಿರಿನ ಜಾಗಕ್ಕೆ ಸರಿಯಾಗಿ ಮುಚ್ಚಿದ ಬಾಗಿಲಿನ ಆಚೆಯಿಂದ ಡೋಲಿನ ಪೆಟ್ಟು ಬಿತ್ತು.

ಒಬ್ಬರು ಮೋಡದಲ್ಲಿ, ಒಬ್ಬನು ಕೋಣೆಯಲ್ಲಿ, ಒಬ್ಬರಿಗೊಬ್ಬರು ಕಾಣದೆ, ಸಂಜೆಯವರೆಗೂ ನುಡಿಸಿದರು. ಮೋಡ ಆ ದಿನ ತಡವಾಗಿ ಹೊರಟಿತು, ಕೆಳಗಿನ ಬೀದಿಯವರು ಏನೂ ಅನ್ನಲಿಲ್ಲ. ಅವರೂ ನಮ್ಮ ಜಗಲಿಯ ಮೇಲೆಯೇ ಇದ್ದರು. ಬಸ್ಸಿನವನು ಎರಡು ಸಲ ಹಾರನ್ ಹೊಡೆದು, ಆಮೇಲೆ ತಾನೂ ಇಳಿದು ಬಂದು ಕೂತ.

ನುಡಿಸಿ ಮುಗಿಸಿದ ಮೇಲೆ ದೂಮಣ್ಣ ನಾಗಸ್ವರ ಒರೆಸುತ್ತಾ ಕೇಳಿದರು, "ಹಾಗಾದರೆ ನೀನು ಬರುವುದಿಲ್ಲ."

"ಊಹೂಂ," ಎಂದ ಮೋನಪ್ಪ.

ದೂಮಣ್ಣ ನಾಗಸ್ವರವನ್ನು ಚೀಲಕ್ಕೆ ಹಾಕಿದರು. ಆಮೇಲೆ ಅವ್ವನ ಕಡೆ ತಿರುಗಿ, ಈ ಬೀದಿಯಲ್ಲಿ ಬಾಡಿಗೆಗೆ ಮನೆ ಸಿಗುತ್ತದೆಯೇ ಎಂದು ವಿಚಾರಿಸಿದರು. ಸಿಗುತ್ತದೆ ಎಂದಳು ಅವ್ವ, ಆದರೆ ಹಿತ್ತಿಲ ಬಾಗಿಲು ಮಾತ್ರ ಯಾವಾಗಲೂ ತೆರೆದಿರಬೇಕು. ಅಡ್ಡಿಯಿಲ್ಲ ಎಂದರು ಅವರು.